ಕಾಡಿನ ಜಿಂಕೆಯ ಫೋಟೋ: ತೆಗೆಯುವುದರಿಂದ ಆನ್‌ಲೈನ್‌ಗೆ ಹಾಕುವ ತನಕ

ಹುಲಿ, ಚಿರತೆ ಹುಡುಕಿಕೊಂಡು ಹೊರಟವರು ದಾರಿಯಲ್ಲಿ ಸಿಕ್ಕ ಜಿಂಕೆಗೆ ಎರಡು ಕ್ಲಿಕ್ ಹೊಡೆದು ಮುಂದೆ ಹೋಗಿಬಿಡುತ್ತಾರೆ. ಮನೆಗೆ ಬಂದು ನೋಡಿದರೆ ಎಲ್ಲ ಜಿಂಕೆ ಫೋಟೋಗಳೂ ಒಂದೇ ಥರ. ಕತ್ತು ನೆಟ್ಟಗೆ, ಎರಡೂ ಕಿವಿ ಮುಂದಕ್ಕೆ, ಕಣ್ಣು ನೇರ ಕ್ಯಾಮೆರಾ ಕಡೆಗೆ. ನೋಡಲು ಚೆನ್ನಾಗಿದೆ ಅನಿಸಬಹುದು. ಆದರೆ ಅದು ಜಿಂಕೆ ಬೆದರಿದ ಕ್ಷಣ. ಮುಂದಿನ ಫ್ರೇಮಿನಲ್ಲಿ ಅದರ ಬೆನ್ನು ಮಾತ್ರ ಇರುತ್ತದೆ.

ಜಿಂಕೆ ತನ್ನ ಪಾಡಿಗೆ ತಾನಿದ್ದಾಗ ಸಿಗುವ ಫೋಟೋ ಬೇರೆಯೇ. ಮೇಯುವುದು, ಮರಿಯನ್ನು ನೆಕ್ಕುವುದು, ಹಿಂಗಾಲಿನಲ್ಲಿ ಕಿವಿ ಕೆರೆದುಕೊಳ್ಳುವುದು, ಕೊಂಬನ್ನು ಪೊದೆಗೆ ಉಜ್ಜುವುದು, ಮರದಡಿ ಮಲಗಿ ಮೆಲುಕು ಹಾಕುವುದು. ಇವೆಲ್ಲ ಬೇಕು ಅಂದರೆ ಜಿಂಕೆಗೆ ನಿಮ್ಮ ಚಿಂತೆ ಇರಬಾರದು. ಕೆಳಗೆ ಹೇಳುವ ಹಂತಗಳೆಲ್ಲ ಈ ಒಂದು ವಿಷಯಕ್ಕಾಗಿಯೇ. ಎಡಿಟಿಂಗ್ ಕೂಡ.

ಜಿಂಕೆಗೆ ಏನು ಕಾಣುತ್ತದೆ, ಏನು ಕೇಳುತ್ತದೆ

ಲೆನ್ಸಿನ ಮಾತಿಗಿಂತ ಮೊದಲು ಇದನ್ನು ತಿಳಿದುಕೊಳ್ಳಬೇಕು. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಹಾಗಾಗಿ ತಲೆ ತಿರುಗಿಸದೆಯೇ ಸುಮಾರು 300 ಡಿಗ್ರಿಯಷ್ಟು ಸುತ್ತಳತೆ ಅದರ ಕಣ್ಣಿಗೆ ಬೀಳುತ್ತದೆ. ಹಿಂದಿನಿಂದ ಹೋದರೆ ಗೊತ್ತಾಗಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆದರೆ ಅಲುಗಾಡದ ವಸ್ತುವನ್ನು ಗುರುತಿಸುವುದು ಅದಕ್ಕೆ ಕಷ್ಟ. ಚಲನೆ ಕಂಡರೆ ತಕ್ಷಣ ಎಚ್ಚರ. ನೀವು ಕಲ್ಲಿನ ಹಾಗೆ ಕೂತರೆ ಬಯಲಲ್ಲೇ ಇದ್ದರೂ ನಡೆಯುತ್ತದೆ. ಪೊದೆಯ ಹಿಂದೆ ಕೂತು ಕೈ ಆಡಿಸಿದರೆ ಕೆಲಸ ಕೆಟ್ಟಂತೆ.

ಬಣ್ಣದ ವಿಷಯದಲ್ಲಿ ಜಿಂಕೆಗೆ ಕೆಂಪು, ಕಿತ್ತಳೆ ನಮಗೆ ಕಾಣುವ ಹಾಗೆ ಎದ್ದು ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಮೈತುಂಬ ಮಿಲಿಟರಿ ಬಟ್ಟೆ ಬೇಕಾಗಿಲ್ಲ, ಆದರೆ ನೀಲಿ ಜೀನ್ಸ್ ಮತ್ತು ಬೆಳ್ಳಗಿನ ಟೋಪಿ ಬೇಡ. ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ, ಮಂಕು ಹಸಿರು ಸಾಕು. ಸರಸರ ಸದ್ದು ಮಾಡುವ ಜಾಕೆಟ್ಟನ್ನು ಬಿಟ್ಟು ಹೋಗಿ.

ಎಲ್ಲಕ್ಕಿಂತ ದೊಡ್ಡದು ಮೂಗು. ಗಾಳಿ ನಿಮ್ಮಿಂದ ಜಿಂಕೆಯ ಕಡೆಗೆ ಬೀಸುತ್ತಿದ್ದರೆ, ಎಷ್ಟೇ ಸದ್ದಿಲ್ಲದೆ ಹೋದರೂ ನೀವು ಬಂದಿದ್ದು ಅದಕ್ಕೆ ಗೊತ್ತಾಗಿರುತ್ತದೆ. ಒಂದು ಚಿಟಿಕೆ ಒಣ ಮಣ್ಣನ್ನು ಎತ್ತರದಿಂದ ಬಿಟ್ಟು ನೋಡಿ. ಧೂಳು ನಿಮ್ಮ ಮುಖದ ಕಡೆ ಬಂದರೆ ಆ ದಿಕ್ಕು ಸರಿ. ಬೆಳಕಿನ ದಿಕ್ಕಿಗೂ ಗಾಳಿಯ ದಿಕ್ಕಿಗೂ ಹೊಂದದೆ ಇದ್ದರೆ ನಾನು ಗಾಳಿಯನ್ನೇ ಆರಿಸಿಕೊಳ್ಳುತ್ತೇನೆ. ಎದುರು ಬೆಳಕಿನಲ್ಲೂ ಚಿತ್ರ ಮಾಡಬಹುದು. ಓಡಿಹೋದ ಜಿಂಕೆಯ ಚಿತ್ರ ಮಾಡಲಾಗದು.

ಯಾವ ಹೊತ್ತು, ಯಾವ ಜಾಗ

ಬೆಳಗಿನ ಜಾವದ ಬೆಳಕು ಹರಿಯುವ ಹೊತ್ತು, ಸಂಜೆ ಸೂರ್ಯ ಇಳಿಯುವ ಹೊತ್ತು. ಜಿಂಕೆಗಳು ಹೆಚ್ಚು ಓಡಾಡುವುದೂ ಆಗಲೇ, ಬೆಳಕು ಮೆತ್ತಗಿರುವುದೂ ಆಗಲೇ. ನಡುಮಧ್ಯಾಹ್ನ ಅವು ನೆರಳಲ್ಲಿ ಮಲಗಿ ಮೆಲುಕು ಹಾಕುತ್ತವೆ. ಬಿಸಿಲಿಗೆ ನೆಲದಿಂದ ಏಳುವ ಝಳ ದೂರದ ಚಿತ್ರಗಳನ್ನು ಮಸುಕು ಮಾಡುತ್ತದೆ. ಎಷ್ಟು ದುಬಾರಿ ಲೆನ್ಸ್ ಇದ್ದರೂ ಅದಕ್ಕೆ ಮದ್ದಿಲ್ಲ. ಮೋಡ ಮುಚ್ಚಿದ ದಿನ ಮಾತ್ರ ಹೊತ್ತಿನ ಲೆಕ್ಕ ಸ್ವಲ್ಪ ಸಡಿಲ.

ಜಾಗ ಹುಡುಕಲು ಕಾಡಂಚು ನೋಡಿ. ಮರಗಳು ಮುಗಿದು ಹುಲ್ಲು ಶುರುವಾಗುವ ಗೆರೆ, ನೀರಿಗೆ ಇಳಿಯುವ ಜಾಡು, ಗೊರಸಿನ ಗುರುತು, ಹಸಿ ಹಿಕ್ಕೆ, ಸಿಪ್ಪೆ ಸುಲಿದ ಎಳೆ ಮರ. ಯಾವ ಜಾತಿ ಅನ್ನುವುದರ ಮೇಲೂ ಹೋಗುತ್ತದೆ. ಚುಕ್ಕೆ ಜಿಂಕೆಗಳು ಹಿಂಡಾಗಿ ತೆರೆದ ಹುಲ್ಲಿಗೆ ಬರುತ್ತವೆ. ಮುಸುವಗಳು ಮೇಲೆ ಕೂತು ಎಲೆ, ಹಣ್ಣು ಉದುರಿಸುತ್ತಿದ್ದರೆ ಅದೇ ಮರದಡಿಗೆ ಅವು ಬಂದು ಸೇರುವುದುಂಟು. ಕಡವೆ ದಟ್ಟ ನೆರಳು, ನೀರು ಇರುವಲ್ಲಿ. ಕಾಡುಕುರಿ (ಬೊಗಳುವ ಜಿಂಕೆ) ಒಂಟಿ, ಕಂಡ ಮರುಕ್ಷಣ ಪೊದೆಯಲ್ಲಿ ಮಾಯ.

ಕೊಂಬಿರುವ ಗಂಡು ಬೇಕು ಅಂದರೆ ಕಾಲ ನೋಡಬೇಕು. ಜಿಂಕೆಯ ಕೊಂಬು ದನದ ಕೊಂಬಿನಂತಲ್ಲ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಉದುರಿ ಹೊಸದು ಬೆಳೆಯುತ್ತದೆ. ಬೆಳೆಯುವಾಗ ಅದರ ಮೇಲೆ ಮಖಮಲ್ಲಿನಂಥ ಚರ್ಮ ಇರುತ್ತದೆ. ಹಿಂದಿನಿಂದ ಬೆಳಕು ಬಿದ್ದಾಗ ಆ ಚರ್ಮದ ಸಣ್ಣ ಕೂದಲೆಲ್ಲ ಹೊಳೆಯುತ್ತವೆ. ಬಲಿತ ಕೊಂಬಿಗಿಂತ ಇದು ನನಗೆ ಹೆಚ್ಚು ಇಷ್ಟ. ಯುರೋಪಿನ ಕೆಂಪು ಜಿಂಕೆ ಬೆದೆಗೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಚುಕ್ಕೆ ಜಿಂಕೆಗೆ ಅಷ್ಟು ಕಟ್ಟುನಿಟ್ಟಾದ ಕಾಲ ಇಲ್ಲ, ಒಂದೇ ಹಿಂಡಿನಲ್ಲಿ ಬಲಿತ ಕೊಂಬಿನದ್ದೂ ಎಳೆ ಕೊಂಬಿನದ್ದೂ ಸಿಗಬಹುದು. ಬೆದೆಯ ಗಂಡು ಯಾವ ಜಾತಿಯದ್ದೇ ಆಗಲಿ, ಅಪಾಯಕಾರಿ. ಎರಡು ಗಂಡುಗಳು ಕಾದಾಡುವಾಗ ನಡುವೆ ಸಿಕ್ಕಿಕೊಳ್ಳಬೇಡಿ.

ಕ್ಯಾಮೆರಾವನ್ನು ಮೊದಲೇ ಸಿದ್ಧ ಮಾಡಿ

ಜಿಂಕೆ ಕಂಡ ಮೇಲೆ ಬಟನ್ ಹುಡುಕುವುದು ಬೇಡ. 300ರಿಂದ 400 ಎಂಎಂ ತಲುಪುವ ಲೆನ್ಸ್ ಇದ್ದರೆ ಹೆಚ್ಚಿನ ಸಂದರ್ಭಕ್ಕೆ ಸಾಕು. 100–400, 150–600 ಥರದ ಜೂಮ್ ಅನುಕೂಲ, ಏಕೆಂದರೆ ಹಿಂಡು ಕೆಲವೊಮ್ಮೆ ತಾನಾಗಿಯೇ ಹತ್ತಿರ ಬರುತ್ತದೆ. ಫೋನ್ ಮಾತ್ರ ಇದ್ದರೆ ಡಿಜಿಟಲ್ ಜೂಮ್ ಎಳೆಯಬೇಡಿ. ಜಿಂಕೆಯನ್ನು ಚಿಕ್ಕದಾಗಿ ಇಟ್ಟು ಕಾಡು, ಮಂಜು, ಬೆಳಕನ್ನು ದೊಡ್ಡದಾಗಿ ತೆಗೆಯಿರಿ. ಅದು ಕಡಿಮೆ ದರ್ಜೆಯ ಚಿತ್ರ ಅಲ್ಲವೇ ಅಲ್ಲ.

ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 4ರಿಂದ 6.3ರ ಒಳಗೆ ಇರಲಿ. ಶಟರ್ ವೇಗ ನಿಂತ ಜಿಂಕೆಗೆ 1/500 ಸೆಕೆಂಡ್, ನಡೆಯುವಾಗ 1/800, ಓಡುವಾಗ ಅಥವಾ ಜಿಗಿಯುವಾಗ 1/2000. ಮ್ಯಾನ್ಯುಯಲ್ ಮೋಡಿನಲ್ಲಿ ಇವೆರಡನ್ನು ನೀವು ಇಟ್ಟುಕೊಂಡು ಐಎಸ್ಒವನ್ನು (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಆಟೋಗೆ ಬಿಡಿ. ಐಎಸ್ಒ 3200, 6400 ಅಂತ ಏರಿದರೆ ಹೆದರಬೇಡಿ. ನಾಯ್ಸ್ (ಚಿತ್ರದಲ್ಲಿ ಕಾಣುವ ಮರಳಿನಂಥ ಕಾಳು) ಕಡಿಮೆ ಮಾಡಬಹುದು, ಅಲುಗಿದ ಕಣ್ಣನ್ನು ಸರಿ ಮಾಡಲು ಆಗುವುದಿಲ್ಲ.

ಫೋಕಸ್ ಮೋಡ್ ಕಂಟಿನ್ಯುಯಸ್ ಇರಲಿ, ಜಿಂಕೆ ಅಲುಗಿದ ಹಾಗೆ ಫೋಕಸ್ಸೂ ಹಿಂಬಾಲಿಸುತ್ತದೆ. ಪ್ರಾಣಿಯ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ. ಆದರೆ ಹುಲ್ಲುಕಡ್ಡಿ ಅಡ್ಡ ಬಂದಾಗ ಅದು ಮೋಸ ಹೋಗುತ್ತದೆ, ಆಗ ಒಂದೇ ಪಾಯಿಂಟಿಗೆ ಬದಲಾಯಿಸಿ ಕಣ್ಣಿನ ಮೇಲೆ ನೀವೇ ಇಡಿ. ಶಟರ್ ಸೈಲೆಂಟ್. ಫೋಕಸ್ ಬೀಪ್ ಆಫ್. ಫ್ಲ್ಯಾಶ್ ಅಂತೂ ಬೇಡವೇ ಬೇಡ. ಜಿಂಕೆಯ ಕಣ್ಣಿನ ಹಿಂಪದರ ಬೆಳಕನ್ನು ವಾಪಸು ಎಸೆಯುವ ಕಾರಣ ಫ್ಲ್ಯಾಶಿಗೆ ಕಣ್ಣು ಬಲ್ಬಿನಂತೆ ಉರಿದು ಚಿತ್ರವೂ ಹಾಳು, ಜಿಂಕೆಯೂ ಗಾಬರಿ. ಫೈಲ್ ರಾ ಫಾರ್ಮ್ಯಾಟಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಮೂಲ ರೂಪದಲ್ಲಿ.

ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಬಗ್ಗೆ ಒಂದು ಮಾತು ಜಾಸ್ತಿ ಹೇಳಬೇಕು. ಕತ್ತಲ ಕಾಡಿನ ಮುಂದೆ ಬಿಸಿಲಲ್ಲಿ ನಿಂತ ಜಿಂಕೆ ಇದ್ದರೆ ಕ್ಯಾಮೆರಾ ಕತ್ತಲನ್ನು ನೋಡಿ ಚಿತ್ರವನ್ನು ಬೆಳಗಿಸಿಬಿಡುತ್ತದೆ. ಚುಕ್ಕೆಗಳು, ಗಂಟಲಿನ ಬಿಳಿ ಸುಟ್ಟುಹೋಗುತ್ತವೆ. ಆ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಕಾಂಪೆನ್ಸೇಶನ್ ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಿ. ಮಂಜು ಅಥವಾ ಹಿಮ ಇದ್ದರೆ ತದ್ವಿರುದ್ಧ: ಪ್ಲಸ್ 0.7 ಕೊಡಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಿಸ್ಟೋಗ್ರಾಮ್ (ಎಡದ ಕತ್ತಲಿನಿಂದ ಬಲದ ಬೆಳಕಿನ ತನಕ ಚಿತ್ರದಲ್ಲಿ ಎಷ್ಟೆಷ್ಟಿದೆ ಎಂದು ತೋರಿಸುವ ನಕ್ಷೆ) ಬಲಗಡೆ ಗೋಡೆಗೆ ಅಂಟದಿದ್ದರೆ ಸಾಕು.

ಹತ್ತಿರ ಹೋಗುವುದಲ್ಲ, ಕಾಯುವುದು

ಮೊದಲು ಆ ಜಾಗದ ನಿಯಮ. ವಾಹನದಿಂದ ಇಳಿಯಬಾರದು ಅಂದರೆ ಇಳಿಯಬಾರದು. ಲಂಡನ್ನಿನ ರಿಚ್ಮಂಡ್ ಪಾರ್ಕಿನಲ್ಲಿ ಜಿಂಕೆಯಿಂದ ಕನಿಷ್ಠ 50 ಮೀಟರ್ ದೂರ ಇರಿ ಅಂತ ಹೇಳುತ್ತಾರೆ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಜಿಂಕೆ ಜಾತಿಗಳಿಗೆ ಕನಿಷ್ಠ 25 ಗಜ. ನಿಯಮ ಎಲ್ಲೂ ಬರೆದಿಲ್ಲದ ಕಡೆ ನಾನು 50 ಮೀಟರನ್ನೇ ಗಟ್ಟಿ ಹಿಡಿಯಿರಿ ಅನ್ನುತ್ತೇನೆ. ಅಷ್ಟು ದೂರದಿಂದಲೂ ಜಿಂಕೆ ಮೇಯುವುದು ನಿಲ್ಲಿಸಿದರೆ 50 ಮೀಟರ್ ಕೂಡ ಸಾಲದು ಅಂತ ಅರ್ಥ.

ವಾಹನದಲ್ಲಿದ್ದರೆ ಎಂಜಿನ್ ಆಫ್ ಮಾಡಿ, ಇಲ್ಲದಿದ್ದರೆ ಅದರ ನಡುಕ ಲೆನ್ಸಿಗೆ ಬರುತ್ತದೆ. ಕಿಟಕಿಯ ಅಂಚಿಗೆ ಬೀನ್‌ಬ್ಯಾಗ್ (ಕಾಳು ತುಂಬಿದ ಚೀಲ) ಇಟ್ಟು ಲೆನ್ಸ್ ಊರಿ. ನಡೆಯಲು ಬಿಡುವ ಜಾಗವಾದರೆ ನೇರ ಜಿಂಕೆಯ ಕಡೆ ಹೋಗಬೇಡಿ. ಓರೆಯಾಗಿ, ನಿಂತು ನಿಂತು ಹೋಗಿ. ನಂತರ ತಗ್ಗಿ ಕೂತುಬಿಡಿ. ನಿಮ್ಮ ಆಕಾರ ಚಿಕ್ಕದಾಗುತ್ತದೆ, ಲೆನ್ಸ್ ಜಿಂಕೆಯ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿನ್ನೆಲೆ ದೂರ ಸರಿದು ಮೆತ್ತಗಾಗುತ್ತದೆ. ಒಂದೇ ಕೆಲಸದಲ್ಲಿ ಮೂರು ಲಾಭ.

ಈಗ ಗಮನವಿಟ್ಟು ನೋಡಬೇಕಾದದ್ದು ಜಿಂಕೆಯ ತಲೆ. ಅನುಮಾನ ಬಂದಾಗ ಮೊದಲು ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ದೇಹ ಹಾಗೇ ಇರುತ್ತದೆ. ಆಮೇಲೆ ದವಡೆ ನಿಲ್ಲುತ್ತದೆ. ಬಾಯಲ್ಲಿ ಹುಲ್ಲುಕಡ್ಡಿ ನೇತಾಡುತ್ತಿದ್ದರೂ ಅಗಿಯುವುದಿಲ್ಲ. ಕತ್ತು ಏರುತ್ತದೆ. ಮುಂಗಾಲು ನಿಧಾನಕ್ಕೆ ಎತ್ತಿ ನೆಲಕ್ಕೆ ಬಡಿಯುತ್ತದೆ. ಬಾಲ ಮೇಲೆದ್ದು ಒಳಗಿನ ಬಿಳಿ ಕಾಣುತ್ತದೆ. ಕೊನೆಗೆ ಎಚ್ಚರಿಕೆಯ ಕೂಗು, ಓಟ. ಕಿವಿ ತಿರುಗಿದಾಗಲೇ ನೀವು ಎಲ್ಲವನ್ನೂ ನಿಲ್ಲಿಸಬೇಕು. ಕ್ಯಾಮೆರಾ ಕೆಳಗಿಳಿಸುವುದನ್ನೂ ಸಹ.

ಆಗ ಜಿಂಕೆ ಇನ್ನೊಂದು ಕೆಲಸ ಮಾಡುತ್ತದೆ. ಮೇಯುವಂತೆ ತಲೆ ತಗ್ಗಿಸಿ, ತಟ್ಟನೆ ಮತ್ತೆ ಎತ್ತುತ್ತದೆ. ನೀವು ಅಲುಗಾಡುತ್ತೀರಾ ಅಂತ ನೋಡುವ ಉಪಾಯ ಅದು. ತಲೆ ತಗ್ಗಿತು ಅಂತ ಮುಂದೆ ಸರಿಯಬೇಡಿ. ಬಾಲ ಸಡಿಲವಾಗಿ ಒಂದೆರಡು ಸಲ ಆಡಿಸಿ, ನಿಜವಾಗಿ ಅಗಿಯಲು ಶುರು ಮಾಡಿದರೆ ನಿಮ್ಮನ್ನು ಲೆಕ್ಕದಿಂದ ಬಿಟ್ಟಿದೆ ಅಂತ ತಿಳಿಯಿರಿ. ನಿಮಗೆ ಬೇಕಾದ ಚಿತ್ರಗಳು ಶುರುವಾಗುವುದು ಅಲ್ಲಿಂದ.

ಹುಲ್ಲಲ್ಲಿ ಒಂಟಿ ಮರಿ ಮಲಗಿದ್ದು ಕಂಡರೆ ಅದು ಸಾಮಾನ್ಯವಾಗಿ ತಾಯಿ ಬಿಟ್ಟುಹೋದ ಮರಿಯಲ್ಲ. ತಾಯಿ ಮೇಯಲು ಹೋಗುವಾಗ ಮರಿಯನ್ನು ಬಚ್ಚಿಟ್ಟು ಗಂಟೆಗಟ್ಟಲೆ ದೂರ ಇರುತ್ತದೆ, ಮರಿ ಅಲುಗಾಡದೆ ಬಿದ್ದಿರುತ್ತದೆ. ಮುಟ್ಟಬೇಡಿ, ಸುತ್ತ ಓಡಾಡಬೇಡಿ. ನೀವು ತುಳಿದ ಹುಲ್ಲು, ಬಿಟ್ಟ ವಾಸನೆ ಬೇರೆ ಪ್ರಾಣಿಗಳಿಗೆ ದಾರಿ ತೋರಿಸಬಹುದು. ಈ ಚಿತ್ರ ಇಲ್ಲದಿದ್ದರೂ ಪರವಾಗಿಲ್ಲ, ಅಲ್ವಾ? ಹಾಗೆಯೇ ತಿಂಡಿ ಎಸೆದು ಕರೆಯುವುದು, ಧ್ವನಿ ಹಾಕಿ ತಲೆ ಎತ್ತಿಸುವುದು, ಡ್ರೋನ್ ಹಾರಿಸುವುದು ಯಾವುದೂ ಬೇಡ.

ಫ್ರೇಮು

ಕೊಂಬಿನ ತುದಿ, ಕಿವಿಯ ತುದಿ, ಗೊರಸು ಕತ್ತರಿಸಬೇಡಿ. ಇಡೀ ದೇಹ ಬರುವುದಿಲ್ಲ ಅಂದರೆ ಕಾಲಿನ ನಡುವಲ್ಲಿ ಕತ್ತರಿಸುವ ಬದಲು ಎದೆಯ ತನಕ ಮಾತ್ರ ಇಡಿ. ಜಿಂಕೆ ನೋಡುವ ಕಡೆ ಜಾಗ ಹೆಚ್ಚು ಬಿಡಿ. ಕೊಂಬಿನ ಹಿಂದೆ ಒಣ ಕೊಂಬೆ ಇದ್ದರೆ ಯಾವುದು ಕೊಂಬು, ಯಾವುದು ಕೊಂಬೆ ಅಂತ ಗೊತ್ತಾಗುವುದಿಲ್ಲ. ಕೂತಲ್ಲೇ ಒಂದಡಿ ಪಕ್ಕಕ್ಕೆ ಬಾಗಿದರೆ ಎಷ್ಟೋ ಸಲ ಅದು ಬಿಡಿಸಿಕೊಳ್ಳುತ್ತದೆ. ಕಣ್ಣಲ್ಲಿ ಬೆಳಕಿನ ಚುಕ್ಕಿ ಬಂದಾಗ ಒತ್ತಿ. ಹಿಂಡಿದ್ದರೆ ಎಲ್ಲ ತಲೆಗಳೂ ಒಂದರ ಮೇಲೊಂದು ಬೀಳದ ಕ್ಷಣಕ್ಕೆ ಕಾಯಿರಿ.

ಆರಿಸುವುದು

ಬರ್ಸ್ಟಿನಲ್ಲಿ (ಬಟನ್ ಒತ್ತಿಹಿಡಿದು ಸಾಲಾಗಿ ತೆಗೆದಾಗ) ಒಂದೇ ಥರದ ನೂರಾರು ಫ್ರೇಮ್ ಬಂದಿರುತ್ತವೆ. ಮೊದಲ ಸುತ್ತಿನಲ್ಲಿ ಕಣ್ಣನ್ನು ನೂರು ಪ್ರತಿಶತ ಜೂಮಿಗೆ ತಂದು ಶಾರ್ಪ್ ಇಲ್ಲದ್ದನ್ನು ತೆಗೆದುಹಾಕಿ. ಎರಡನೇ ಸುತ್ತಿನಲ್ಲಿ ಜಿಂಕೆ ಏನು ಮಾಡುತ್ತಿದೆ ಅನ್ನುವುದನ್ನಷ್ಟೇ ನೋಡಿ. ಸುಮ್ನೆ ನಿಂತ ಹತ್ತು ಚಿತ್ರಗಳಿಗಿಂತ ನಾಲಗೆ ಹೊರಚಾಚಿ ಚಿಗುರು ಎಳೆಯುವ ಒಂದು ಚಿತ್ರ ಸಾಕು. ಹಾಕುವ ಚಿತ್ರಗಳು ಮೂರೋ ನಾಲ್ಕೋ ಇರಲಿ. ಹೆಚ್ಚಾದಷ್ಟೂ ಒಳ್ಳೆಯದರ ತೂಕ ಕಡಿಮೆಯಾಗುತ್ತದೆ.

ಎಡಿಟಿಂಗ್: ಒಂದೇ ಚಿತ್ರ, ಮೊದಲಿನಿಂದ ಕೊನೆತನಕ

ಚಿತ್ರ ತಿದ್ದುವ ತಂತ್ರಾಂಶ ಲೈಟ್‌ರೂಮ್ ಇದ್ದರೆ ಸರಿ. ಕಂಪ್ಯೂಟರಿನಲ್ಲಿ ಡಾರ್ಕ್‌ಟೇಬಲ್, ರಾಥೆರಪಿ ಉಚಿತ. ಫೋನಿನಲ್ಲಿ ಸ್ನ್ಯಾಪ್‌ಸೀಡ್ ಸಾಕಷ್ಟು ಕೆಲಸ ಮಾಡುತ್ತದೆ. ಕೋಣೆಯ ಬೆಳಕು ಸಾಧಾರಣ ಇರಲಿ, ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಏರಿಸಬೇಡಿ. ಏರಿಸಿದರೆ ನಿಮಗೆ ಸರಿ ಕಾಣುವ ಚಿತ್ರ ಬೇರೆಯವರ ಫೋನಿನಲ್ಲಿ ಕತ್ತಲೆಯಾಗಿರುತ್ತದೆ.

ಒಂದು ಚಿತ್ರವನ್ನು ಎದುರಿಗೆ ಇಟ್ಟುಕೊಳ್ಳೋಣ. ಸಂಜೆ, ಹುಲ್ಲಿನ ಅಂಚಲ್ಲಿ ಹೆಣ್ಣು ಚುಕ್ಕೆ ಜಿಂಕೆ, ಬಲಕ್ಕೆ ಮುಖ. ಎಡದಿಂದ ಓರೆ ಬಿಸಿಲು. ಹಿಂದೆ ಕಪ್ಪು ಕಾಡು. ಮುಂದೆ ಹಸಿರು ಜಾಸ್ತಿ. ಬೆನ್ನ ಮೇಲಿನ ಚುಕ್ಕೆಗಳು ಸ್ವಲ್ಪ ಸುಟ್ಟಂತಿವೆ.

ಮೊದಲು ಚಿತ್ರವನ್ನು ನೇರ ಮಾಡಿ, ಕ್ರಾಪ್ ಮಾಡಿ. ಮರದ ಕಾಂಡಗಳು ಓರೆಯಾಗಿ ಬೆಳೆದಿರಬಹುದು, ಅವನ್ನು ನಂಬಬೇಡಿ. ನೀರಿನ ಅಂಚು ಇದ್ದರೆ ಅದನ್ನು ನೋಡಿ. 24 ಮೆಗಾಪಿಕ್ಸೆಲ್ ಚಿತ್ರ ಎಂದರೆ 6000 ಪಿಕ್ಸೆಲ್ ಅಗಲ, 4000 ಎತ್ತರ. ಎರಡೂ ಕಡೆ ಅರ್ಧಕ್ಕೆ ಕತ್ತರಿಸಿದರೂ 3000 x 2000 ಉಳಿಯುತ್ತದೆ, ಆನ್‌ಲೈನಿಗೆ ಧಾರಾಳ. ಅದಕ್ಕೇ ಹೇಳುವುದು, ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗುವ ಅಗತ್ಯವೇ ಇರಲಿಲ್ಲ ಅಂತ.

ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣ ಸರಿಪಡಿಸುವುದು. ಎಲೆಗಳ ಹಸಿರು ಬೆಳಕು ಜಿಂಕೆಯ ಹೊಟ್ಟೆ, ಗಂಟಲಿನ ಬಿಳಿ ಕೂದಲಿಗೆ ಬಡಿದಿರುತ್ತದೆ. ಟಿಂಟ್ ಸ್ಲೈಡರನ್ನು ಮಜೆಂಟಾ (ನೇರಳೆ ಮಿಶ್ರಿತ ಗುಲಾಬಿ) ಕಡೆಗೆ ಸ್ವಲ್ಪ ತಳ್ಳಿದರೆ ಅದು ಹೋಗುತ್ತದೆ. ಆದರೆ ಟೆಂಪರೇಚರ್ ಇಳಿಸಿ ಆ ಬಿಳಿಯನ್ನು ಪೂರ್ತಿ ಬಿಳಿ ಮಾಡಬೇಡಿ. ಸಂಜೆಯ ಬಿಸಿಲು ಹಳದಿ ಇತ್ತು, ಅದು ಇರಲಿ.

ಎಕ್ಸ್‌ಪೋಶರನ್ನು ಮುಖ ನೋಡಿ ಇಡಿ, ಇಡೀ ಚಿತ್ರ ನೋಡಿ ಅಲ್ಲ. ಹೈಲೈಟ್ (ಹೆಚ್ಚು ಬೆಳಕಿನ ಭಾಗ) ಮೈನಸ್ 40ರ ಆಸುಪಾಸು ಇಳಿಸಿದರೆ ಬೆನ್ನಿನ ಚುಕ್ಕೆಗಳಲ್ಲಿ ಕೂದಲು ಮತ್ತೆ ಕಾಣುತ್ತದೆ. ಶ್ಯಾಡೋ (ನೆರಳಿನ ಭಾಗ) ಪ್ಲಸ್ 15 ಸಾಕು. ಇಲ್ಲೇ ತುಂಬ ಜನ 80ಕ್ಕೆ ಎಳೆಯುವುದು. ಹಿಂದಿನ ಕಾಡಿನ ಪ್ರತಿ ಎಲೆಯೂ ಕಾಣಿಸಿ ಜಿಂಕೆ ಅದರಲ್ಲಿ ಕಳೆದುಹೋಗುತ್ತದೆ. ಕತ್ತಲು ಕತ್ತಲಾಗಿಯೇ ಇದ್ದರೆ ಜಿಂಕೆಗೆ ಬೆಳಕು ಸಿಗುತ್ತದೆ. ಬ್ಲ್ಯಾಕ್ಸ್ ಇನ್ನೂ ಸ್ವಲ್ಪ ಇಳಿಸಿ.

ಬಣ್ಣಕ್ಕೆ ಬನ್ನಿ. ಒಟ್ಟಾರೆ ಸ್ಯಾಚುರೇಶನ್ (ಬಣ್ಣದ ಗಾಢತೆ) ಸ್ಲೈಡರನ್ನು ಮುಟ್ಟದಿರುವುದೇ ಒಳ್ಳೆಯದು. ಅದನ್ನು ಏರಿಸಿದರೆ ಹುಲ್ಲು ಪ್ಲಾಸ್ಟಿಕ್ಕಿನಂತೆ, ಜಿಂಕೆ ಕಿತ್ತಳೆ ಹಣ್ಣಿನ ಬಣ್ಣಕ್ಕೆ ಬರುತ್ತದೆ. ಬಣ್ಣಗಳನ್ನು ಬೇರೆಬೇರೆ ತಿದ್ದುವ ಜಾಗದಲ್ಲಿ ಹಸಿರಿನ ಸ್ಯಾಚುರೇಶನ್ ಮೈನಸ್ 15, ಹಳದಿಯದ್ದು ಮೈನಸ್ 5, ಕಿತ್ತಳೆಯ ಲ್ಯುಮಿನೆನ್ಸ್ (ಬಣ್ಣದ ಹೊಳಪು) ಪ್ಲಸ್ 8. ಜಿಂಕೆಯ ಮೈಬಣ್ಣವನ್ನು ಏರಿಸಲಿಲ್ಲ, ಸುತ್ತಲಿನ ಗದ್ದಲ ಇಳಿಸಿದೆವು ಅಷ್ಟೇ. ಇವು ಈ ಚಿತ್ರದ ಅಂಕಿಗಳು. ನಿಮ್ಮ ಚಿತ್ರಕ್ಕೆ ಕಣ್ಣಿಟ್ಟು ಹೊಂದಿಸಿ.

ಈಗ ಸಬ್ಜೆಕ್ಟ್ ಮಾಸ್ಕ್, ಅಂದರೆ ಜಿಂಕೆಯನ್ನು ಮಾತ್ರ ಬೇರ್ಪಡಿಸಿ ತಿದ್ದುವುದು. ಜಿಂಕೆಯನ್ನು ಆರಿಸಿ ಎಕ್ಸ್‌ಪೋಶರ್ ಪ್ಲಸ್ 0.2. ಮಾಸ್ಕನ್ನು ತಿರುವುಮುರುವು (ಇನ್ವರ್ಟ್) ಮಾಡಿ ಹಿನ್ನೆಲೆಗೆ ಮೈನಸ್ 0.3. ಕಿವಿಯ ಅಂಚು, ಹುಲ್ಲು ಅಡ್ಡ ಬಂದ ಕಾಲಿನ ಹತ್ತಿರ ಮಾಸ್ಕ್ ತಪ್ಪಿರುತ್ತದೆ. ಅಲ್ಲಿ ಜೂಮ್ ಮಾಡಿ ಬ್ರಶ್‌ನಿಂದ ಸರಿಪಡಿಸದಿದ್ದರೆ ಜಿಂಕೆಯ ಸುತ್ತ ಬೆಳ್ಳಗಿನ ಗೆರೆ ಕಾಣುತ್ತದೆ. ಕಣ್ಣಿಗೆ ಪುಟ್ಟ ಮಾಸ್ಕ್ ಹಾಕಿ ಪ್ಲಸ್ 0.2 ಕೊಡಬಹುದು, ಅದಕ್ಕಿಂತ ಹೆಚ್ಚು ಬೇಡ. ಜಿಂಕೆಯ ಕಣ್ಣು ಕಪ್ಪು ಆಳ. ಬೆಳಗಿಸಿದರೆ ಗಾಜಿನ ಗೋಲಿಯಾಗುತ್ತದೆ.

ನಾಯ್ಸ್ ತೆಗೆಯುವಾಗ ಕುತ್ತಿಗೆಯ ಕೂದಲನ್ನು ನೋಡುತ್ತಿರಿ. ಕೂದಲು ಮೇಣ ಹಚ್ಚಿದಂತೆ ನುಣುಪಾಯಿತು ಅಂದರೆ ಹೆಚ್ಚಾಯಿತು. ಎಐ ಬಳಸುವ ಸಾಧನಗಳು ಕೆಲವೊಮ್ಮೆ ಇಲ್ಲದ ಕೂದಲನ್ನೇ ಹುಟ್ಟಿಸುತ್ತವೆ, ಮೂಗಿನ ಮೇಲೆ ವಿಶೇಷವಾಗಿ ಗಮನವಿಡಿ. ಶಾರ್ಪನಿಂಗ್ ಜಿಂಕೆಗೆ ಮಾತ್ರ. ಲೈಟ್‌ರೂಮಿನಲ್ಲಿ ಆಲ್ಟ್ ಒತ್ತಿಕೊಂಡು ಮಾಸ್ಕಿಂಗ್ ಸ್ಲೈಡರ್ ಎಳೆದರೆ ಯಾವ ಭಾಗ ಶಾರ್ಪ್ ಆಗುತ್ತಿದೆ ಅನ್ನುವುದು ಬಿಳಿಯಾಗಿ ಕಾಣುತ್ತದೆ.

ಇಷ್ಟು ಮಾಡಿ ಎದ್ದು ಹೋಗಿ. ಸ್ವಲ್ಪ ಹೊತ್ತು ಬಿಟ್ಟು ಬಂದು ಮೂಲ ಚಿತ್ರದ ಪಕ್ಕ ಇಟ್ಟು ನೋಡಿದರೆ ಎಲ್ಲಿ ಅತಿಯಾಗಿದೆ ಅನ್ನುವುದು ತಾನೇ ಕಾಣುತ್ತದೆ.

ಸೆನ್ಸರಿನ ಧೂಳಿನ ಚುಕ್ಕೆ ಅಳಿಸುವುದರಲ್ಲಿ ತಪ್ಪಿಲ್ಲ. ಮುಖದ ಮೇಲೆ ಬಂದ ಕೊಂಬೆ ಅಳಿಸುವುದು, ಇನ್ನೊಂದು ಜಿಂಕೆಯನ್ನು ಮಾಯ ಮಾಡುವುದು, ಆಕಾಶ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ. ನೋಡುವವರು ಅದನ್ನು ಕಾಡಿನಲ್ಲಿ ನಡೆದದ್ದು ಅಂತ ನಂಬುತ್ತಾರೆ. ಹಾಗೇನಾದರೂ ಮಾಡಿದ್ದರೆ ಬರೆದು ಹೇಳಿ.

ಹಾಕುವ ಮುಂಚೆ

ಎಕ್ಸ್‌ಪೋರ್ಟ್ ಜೆಪಿಇಜಿ, ಬಣ್ಣ ಎಸ್‌ಆರ್‌ಜಿಬಿ (ಹೆಚ್ಚಿನ ಸ್ಕ್ರೀನುಗಳಿಗೆ ಹೊಂದುವ ಬಣ್ಣದ ವ್ಯವಸ್ಥೆ), ಕ್ವಾಲಿಟಿ 80ರ ಸುಮಾರು, ಉದ್ದದ ಬದಿ 2048 ಪಿಕ್ಸೆಲ್. ಎಸ್‌ಆರ್‌ಜಿಬಿ ಬಿಟ್ಟು ಬೇರೆ ಇಟ್ಟರೆ ಕೆಲವು ಫೋನುಗಳಲ್ಲಿ ಬಣ್ಣ ಸಪ್ಪೆಯಾಗುತ್ತದೆ. ಇನ್‌ಸ್ಟಾಗ್ರಾಮಿಗೆ ಅಗಲಕ್ಕಿಂತ ಎತ್ತರ ಹೆಚ್ಚಿರುವ ಚಿತ್ರವಾದರೆ 1080 x 1350 ಅಳತೆಗೆ ನೀವೇ ಕ್ರಾಪ್ ಮಾಡಿ, ಆ್ಯಪ್ ಕೊಂಬು ಕತ್ತರಿಸಲು ಬಿಡಬೇಡಿ. ಸ್ಕ್ರೀನಿಗೆ ಅಂತ ಶಾರ್ಪನಿಂಗ್ ಆಯ್ಕೆ ಇದ್ದರೆ ಕಡಿಮೆ ಮಟ್ಟದಲ್ಲಿ ಇಡಿ. ಸಹಿ ಹಾಕುವುದಾದರೆ ಮೂಲೆಯಲ್ಲಿ ಸಣ್ಣದಾಗಿ.

ಜಾಗದ ವಿಷಯಕ್ಕೆ ಹೆಚ್ಚು ಎಚ್ಚರ ಬೇಕು. ಫೋನು ಮತ್ತು ಕೆಲವು ಕ್ಯಾಮೆರಾಗಳು ಫೈಲಿನೊಳಗೇ ಜಿಪಿಎಸ್ ಗುರುತು ಬರೆದಿಡುತ್ತವೆ. ದೊಡ್ಡ ಕೊಂಬಿನ ಗಂಡು ಎಲ್ಲಿ ನೀರು ಕುಡಿಯುತ್ತದೆ ಅನ್ನುವುದು ಬೇಟೆಗಾರರಿಗೆ ಬೇಕಾದ ಮಾಹಿತಿ. ಎಕ್ಸ್‌ಪೋರ್ಟ್ ಮಾಡುವಾಗ ಲೊಕೇಶನ್ ತೆಗೆದುಹಾಕುವ ಆಯ್ಕೆ ಟಿಕ್ ಮಾಡಿ. ವಾಟ್ಸ್‌ಆ್ಯಪಿನಲ್ಲಿ ಸ್ಪಷ್ಟತೆ ಉಳಿಯಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ಗುರುತೂ ಜೊತೆಗೇ ಹೋಗುತ್ತದೆ. ಹಿನ್ನೆಲೆಯಲ್ಲಿ ಬೋರ್ಡು, ಕಲ್ಲಿನ ನಂಬರ್, ಎಲ್ಲರಿಗೂ ಗೊತ್ತಿರುವ ಗುಡ್ಡ ಇದೆಯೇ ನೋಡಿ. ಅದೇ ದಿನ ಹಾಕುವ ಅವಸರವೂ ಬೇಡ.

ಚಿತ್ರದ ಜೊತೆ ಜಾತಿ, ತಿಂಗಳು, ಹೊತ್ತು, ಜಿಂಕೆ ಏನು ಮಾಡುತ್ತಿತ್ತು ಅನ್ನುವುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವ ಚಿತ್ರ ವಿವರಣೆಯ ಜಾಗ ಇದ್ದರೆ ಅಲ್ಲೂ ಒಂದು ಸಾಲು: "ಒಣಹುಲ್ಲಿನಲ್ಲಿ ನಿಂತು ಮರಿಯ ಕಿವಿ ನೆಕ್ಕುತ್ತಿರುವ ಹೆಣ್ಣು ಚುಕ್ಕೆ ಜಿಂಕೆ". ಬೇಲಿಯೊಳಗಿನ ಜಿಂಕೆಯಾದರೆ ಹಾಗಂತಲೇ ಹೇಳಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ 2009ರ ವಿಜೇತ ಚಿತ್ರ ಬೇಲಿ ಹಾರುವ ತೋಳದ್ದು. ಆ ತೋಳ ಪಳಗಿಸಿದ್ದೇ ಇರಬೇಕು ಎಂದು ತೀರ್ಪುಗಾರರಿಗೆ ಅನಿಸಿ, 2010ರಲ್ಲಿ ಅದನ್ನು ಅನರ್ಹಗೊಳಿಸಿದರು. ಬೆಳಕು, ಚೌಕಟ್ಟು ಎಲ್ಲ ಚೆನ್ನಾಗಿಯೇ ಇತ್ತು.

ಮೂಲ ರಾ ಫೈಲನ್ನು ಅಳಿಸಬೇಡಿ. ಇಂಥ ಸ್ಪರ್ಧೆಗಳು ಕೊನೆಯ ಸುತ್ತಿನಲ್ಲಿ ಅದನ್ನು ಕೇಳುತ್ತವೆ. ಎರಡು ಬೇರೆ ಡ್ರೈವ್‌ಗಳಲ್ಲಿ ಪ್ರತಿ ಇಟ್ಟು, ಫೋಲ್ಡರಿಗೆ ದಿನಾಂಕ ಮತ್ತು ಜಾತಿಯ ಹೆಸರು ಕೊಟ್ಟರೆ ಮುಂದಿನ ವರ್ಷ ಅದೇ ಕಾಲಕ್ಕೆ ಎಲ್ಲಿ, ಯಾವ ಹೊತ್ತಿಗೆ ಹೋಗಬೇಕು ಅನ್ನುವುದೂ ಅದರಲ್ಲೇ ಸಿಗುತ್ತದೆ.